ಮಂಡಳಿಯವರು ಮನೆಗೆ ಬಂದಿದ್ದರು

"ಊಟ ಕೊಟ್ರ ಉಣ್ತಾಳ. ಮಲ್ಕೋ ಅಂದ್ರ ಮಲ್ಕೋತಾಳ. ಮಾತು ಮಾತ್ರ ಇಲ್ರಿ," ಎಂದಳು ಜಾನಬಿ.

ಅರ್ಚನಾ ಬಾಗಿಲ ಕಡೆ ನೋಡಿದಳು. ಕೊಟ್ಟೂರಿನ ಆ ಮನೆಯ ಮುಂಭಾಗವೇ ಅಬ್ದುಲ್ ವಹಾಬನ ಬೈಕ್ ರಿಪೇರಿ ಅಂಗಡಿ. ಹಳೇ ಟೈರುಗಳ ಪಕ್ಕದ ಬೆಂಚಿನ ಮೇಲೆ ಅವರ ಮಗಳು ನಿಶಾತ ಕೂತಿದ್ದಳು. ಐದು ಸಾವಿರ ಮೀಟರ್ ಓಟದಲ್ಲಿ ರಾಜ್ಯಕ್ಕೇ ಮೊದಲಿಗಳು, ದೇಶದ ತಂಡಕ್ಕೆ ಇನ್ನೇನು ಆಯ್ಕೆಯಾಗಬೇಕಿದ್ದ ಹುಡುಗಿ. ಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು. ಅವಳು ಕಣ್ಣು ಕಿರಿದು ಮಾಡಿರಲಿಲ್ಲ, ಜಾಗ ಬದಲಿಸಿಯೂ ಇರಲಿಲ್ಲ.

ಅವಳ ಮೂತ್ರದ ಮಾದರಿಯಲ್ಲಿ ಉದ್ದೀಪನ ಮದ್ದು ಸಿಕ್ಕಿ ಓಟದಿಂದ ಅಮಾನತಾಗಿದ್ದಳು. ಅದರ ಬೆನ್ನಿಗೇ ಅವಳ ಕೋಚ್ ಕೊಟ್ರಸ್ವಾಮಿಯ ಹೆಣ ಹಗರಿಬೊಮ್ಮನಹಳ್ಳಿ ಹತ್ತಿರದ ಮಾಲವಿ ಜಲಾಶಯದಲ್ಲಿ ತೇಲಿತ್ತು.

ಅರ್ಚನಾ ಪೊಲೀಸ್ ಕೆಲಸ ಬಿಟ್ಟು ರಾಷ್ಟ್ರೀಯ ಕ್ರೀಡಾ ಶುದ್ಧತಾ ಪ್ರಾಧಿಕಾರದ ತನಿಖಾಧಿಕಾರಿಯಾದವಳು. ಆಟಗಾರರು ಮದ್ದು ತಿಂದರೋ ಇಲ್ಲವೋ ಎಂದು ನೋಡುವುದು ಪ್ರಾಧಿಕಾರ. ಆ ಪ್ರಾಧಿಕಾರ ನೆಟ್ಟಗಿದೆಯೋ ಇಲ್ಲವೋ ಎಂದು ನೋಡುವುದು ಅದರ ಮೇಲಿನ ಐದು ಜನರ ಮಂಡಳಿ. ಸಾಯುವ ಮುಂಚೆ ಕೊಟ್ರಸ್ವಾಮಿ ಅವಳಿಗೆ ಫೋನ್ ಮಾಡಿದ್ದ.

"ಟೆಸ್ಟ್ ಬರ್ತೈತಿ ಅನ್ನೋದು ನನ್ನ ಹುಡುಗಿಗೆ ಮೊದಲೇ ಗೊತ್ತಿತ್ತು ಮೇಡಮ್. ಹೇಳಿದೋರು ನಿಮ್ಮ ಮಂಡಳಿಯೋರೇ."

ಯಾರು ಎಂದು ಕೇಳಿದರೆ, ಹುಡುಗಿಯಿಂದ ಹೆಸರು ತಿಳಿದುಕೊಂಡು ಎದುರಿಗೆ ಬಂದು ಹೇಳುತ್ತೇನೆ ಅಂದಿದ್ದ. ಬರಲಿಲ್ಲ. ನೀರಿನಿಂದ ಅವನನ್ನು ಎತ್ತುವಾಗ ಅರ್ಚನಾ ಏರಿಯ ಮೇಲೆ ನಿಂತಿದ್ದಳು. ಅವತ್ತಿನಿಂದ ಅವಳಿಗೆ ಊಟದಲ್ಲಿ ಉಪ್ಪು ಹೆಚ್ಚಾದರೂ ಕಡಿಮೆಯಾದರೂ ತಿಳಿಯುತ್ತಿರಲಿಲ್ಲ. ಕೆಲಸ ಮಾತ್ರ ಮಾಡುತ್ತಿದ್ದಳು.

ಜಾನಬಿ ಸೆರಗು ಸರಿ ಮಾಡಿಕೊಂಡು ಹತ್ತಿರ ಬಂದಳು. "ಒಂದು ಮಾತು ನಿಮಗ ಹೇಳಿರಲಿಲ್ರಿ. ಹೇಳಬ್ಯಾಡ ಅಂದಿದ್ರು, ಮಾತು ಕೊಟ್ಟಿದ್ದೆ. ಈಗ ಹೇಳ್ತೀನಿ. ಅವ್ರು ಮತ್ತೊಮ್ಮೆ ಬಂದ್ರ ಇವಳು ಬಾಯಿ ಬಿಟ್ಟಾಳೇನೋ ಅನ್ನಿಸೈತಿ."

"ಯಾರು ಅವ್ರು?"

"ಹೆಸರು ಗೊತ್ತಿಲ್ರಿ, ಮಂಡಳಿಯೋರು ಅಂತಷ್ಟ ಅಂದ್ರು. ಟೆಸ್ಟಿನೋರು ಬಂದ ಹಿಂದಿನ ದಿನ. ಇವರಪ್ಪ ಗಾಡಿ ಸಾಮಾನು ತರಾಕ ಹೊಸಪೇಟಿಗೆ ಹೋಗಿದ್ರು. ನಿಶಾತ ಕ್ಯಾಂಪಿನಿಂದ ಬಂದು ಮನ್ಯಾಗಿದ್ಲು. ಒಬ್ರು ದೊಡ್ಡ ಹೆಣ್ಮಗಳು ಬಂದ್ರು. ಕುರ್ಚಿ ಹಾಕಿದ್ರ ಕುಂದ್ರಲಿಲ್ಲ. ನೆಲಕ್ಕ ಕುಂತು, ಇವಳ ಕಾಲು ತಗೊಂಡು ತೊಡಿ ಮ್ಯಾಲ ಇಟ್ಕೊಂಡು ಉಗುರು ನೋಡಿದ್ರು."

"ಉಗುರಾ?"

"ಹೂಂ ರಿ. ಎರಡು ಉಗುರು ಕರ್ರಗಾಗಿ ಉದುರ್ಯಾವ. 'ಬೂಟು ಸಣ್ಣಾಗ್ಯಾವವ್ವ, ಒಂದು ನಂಬರ್ ದೊಡ್ಡವು ತಗೋ' ಅಂದ್ರು. ನಾ ಹೆತ್ತಾಕಿ, ನಾನೇ ಒಂದಿನ ಅವಳ ಉಗುರು ನೋಡಿರಲಿಲ್ಲ."

ಜಾನಬಿಯ ಧ್ವನಿಯಲ್ಲಿ ಅಳು ಇರಲಿಲ್ಲ. ಅಳು ಎಂದೋ ಮುಗಿದು ಹೋದವರ ಧ್ವನಿ ಅದು.

"ಆಮ್ಯಾಲ ಏನಂದ್ರು?"

"ನಾಳಿ ಟೆಸ್ಟಿಗೆ ಬರ್ತಾರ, ಕ್ಯಾಂಪಿನ್ಯಾಗ ಯಾರು ಏನು ಕೊಟ್ರೂ ತಿನ್ನಬ್ಯಾಡ, ಕುಡೀಬ್ಯಾಡ ಅಂದ್ರು. ಒಂದು ಡಬ್ಬಿ ಕೊಟ್ರು. ಶೇಂಗಾದ ಉಂಡಿ. ಹಸಿವಾದ್ರ ಇದನ್ನ ತಿನ್ನು, ನಮ್ಮ ಮನಿಯಾಗ ಮಾಡಿದ್ದು ಅಂದ್ರು. ಅವತ್ತು ಸಂಜಿ ಅದನ್ನೇ ತಿಂದ್ಲು. ಮುಂಜಾನೆ ಎದ್ದು ಅದನ್ನೇ ತಿಂದು ಹೋದ್ಲು."

ಅರ್ಚನಾ ಮೊಬೈಲ್ ತೆಗೆದು ಮಂಡಳಿಯ ಐವರೂ ಇರುವ ಫೋಟೋ ತೋರಿಸಿದಳು. ಜಾನಬಿಯ ಬೆರಳು ತಡೆಯದೆ ನಡುವಿನ ಮುಖದ ಮೇಲೆ ನಿಂತಿತು. ಬಿಳೀ ಕೂದಲು, ಖಾದಿ ಸೀರೆ.

"ಇವ್ರೇ ರಿ."

ಮಂಡಳಿಯ ಅಧ್ಯಕ್ಷೆ ಕಲ್ಯಾಣಮ್ಮ. ಒಂದು ಕಾಲದ ಹರ್ಡಲ್ಸ್ ಓಟಗಾರ್ತಿ, ಹಡಗಲಿಯವರು. ಮಂಡಳಿಯೊಳಗಿನ ಸೋರಿಕೆ ಎಲ್ಲಿಂದ ಎಂದು ಹುಡುಕಲು ಅರ್ಚನಾಳನ್ನು ನೇಮಿಸಿದವರೂ ಅವರೇ.

ತನಗೆ ಆಶ್ಚರ್ಯವಾಗುತ್ತದೆ ಎಂದು ಅರ್ಚನಾ ಒಂದು ಕ್ಷಣ ಕಾದಳು. ಆಗಲಿಲ್ಲ. ಮೊಬೈಲನ್ನು ಚೀಲಕ್ಕೆ ಹಾಕಿಕೊಂಡಳು.

ಬೆಂಚಿನ ಬಳಿ ಹೋಗಿ ಬಗ್ಗಿದಳು. "ನಿಶಾತ, ಅವತ್ತು ಕ್ಯಾಂಪಿನಲ್ಲಿ ಬೇರೆ ಏನಾದರೂ ತಿಂದೆಯಾ? ಕುಡಿದೆಯಾ?"

ಹುಡುಗಿಯ ತುಟಿ ಅಲುಗಿತು. ಮಾತು ಬರಲಿಲ್ಲ.

ಹಿಂದಿನಿಂದ ಜಾನಬಿ ಕೇಳಿದಳು. "ಆ ಉಂಡಿಯೊಳಗೇ ಏನರ ಇತ್ತೇನ್ರಿ ಮತ್ತ?"

"ಗೊತ್ತಿಲ್ಲ. ಇದ್ದರೂ ಇರಬಹುದು. ನೋಡಬೇಕು."

ಆಗ ನಿಶಾತ ತಲೆ ಎತ್ತಿ ಅವಳನ್ನು ನೋಡಿದಳು. ಇಷ್ಟು ಸಲ ಬಂದು ಹೋಗಿದ್ದರೂ ಆ ಹುಡುಗಿ ತನ್ನನ್ನು ನೋಡಿದ್ದು ಇದೇ ಮೊದಲು ಎಂದು ಅರ್ಚನಾಳಿಗೆ ಹೊಳೆದದ್ದು ಕಾರಿನಲ್ಲಿ ಕೂತ ಮೇಲೆ.

ಊರು ದಾಟಿ ಹಡಗಲಿ ರಸ್ತೆಗೆ ಬಿದ್ದಾಗ ಫೋನ್ ಬಂತು. ಹರಪನಹಳ್ಳಿಯ ಗುರುಬಸವರಾಜ. ಹತ್ತಿ ಮಿಲ್ಲಿನ ಮಾಲೀಕ, ಮಂಡಳಿಯ ಸದಸ್ಯ. ಚಿಗಟೇರಿಯಲ್ಲಿ ಅವನದೇ ಒಂದು ಓಟದ ಅಕಾಡೆಮಿ ಇತ್ತು. ಇವತ್ತು ಬೆಳಗಿನವರೆಗೂ ಅರ್ಚನಾಳ ಅನುಮಾನವೆಲ್ಲ ಇವನ ಮೇಲೇ ಇತ್ತು.

"ಏನ್ ಮೇಡಮ್, ಇನ್ನೂ ಅಲ್ಲೇ ಸುತ್ತುತಾ ಇದೀರಾ? ವರದಿ ಕೊಟ್ಟು ಮುಗಿಸಿಬಿಡಿ. ಹುಡುಗಿ ಮದ್ದು ತಿಂದ್ಲು, ಕೊಟ್ಟೋನು ಮರ್ಯಾದೆಗೆ ಅಂಜಿ ನೀರಿಗೆ ಬಿದ್ದ. ಇನ್ನೇನಿದೆ ಅದರಲ್ಲಿ?"

"ಅವತ್ತು ನಿಶಾತಳನ್ನೇ ಪರೀಕ್ಷೆ ಮಾಡಿ ಅಂತ ಅಧಿಕಾರಿಗಳಿಗೆ ಯಾರು ಹೇಳಿದ್ದು ಅಂತ ತಿಳೀಬೇಕು ಸರ್."

"ನಾನೇ ಹೇಳಿದ್ದು. ಮುಚ್ಚಿಡೋದೇನಿದೆ ಅದರಾಗೆ? ನನ್ನ ಅಕಾಡೆಮಿ ಹುಡುಗಿನ್ನ ಅರ್ಧ ಸುತ್ತು ಹಿಂದೆ ಹಾಕಿ ಗೆದ್ದಳು. ಕೊಟ್ಟೂರಿನ ಗ್ಯಾರೇಜ್ ಹುಡುಗಿ. ಅನುಮಾನ ಬಂತು, ಹೇಳಿದೆ."

"ಯಾರನ್ನ ಪರೀಕ್ಷೆ ಮಾಡಬೇಕು ಅಂತ ಮಂಡಳಿಯೋರು ಹೆಸರು ಹೇಳೋ ಹಾಗಿಲ್ಲ. ನಿಮಗೂ ಗೊತ್ತು."

"ಹೇಳಿದ್ದಕ್ಕೆ ಸಿಕ್ಕಿಬಿದ್ದಳಲ್ಲ. ಬುಧವಾರ ಮಂಡಳಿ ಸಭೆ ಇದೆ. ವರದಿ ತನ್ನಿ," ಎಂದು ಅವನು ಫೋನಿಟ್ಟ.

ರಸ್ತೆಯ ಎರಡೂ ಬದಿಗೆ ಮೆಕ್ಕೆಜೋಳ. ದೂರದ ಗುಡ್ಡದ ಮೇಲೆ ಗಾಳಿಯಂತ್ರಗಳು ಸುತ್ತುತ್ತಿದ್ದವು. ಅವನು ನಿಯಮ ಮುರಿದಿದ್ದ, ಅದನ್ನು ಹೇಳಿಕೊಳ್ಳಲು ನಾಚಿಕೆಯೂ ಇರಲಿಲ್ಲ. ಆದರೆ ಹುಡುಗಿಯನ್ನು ಹಿಡಿಸಬೇಕೆಂದು ಹೊರಟವನು ಮುಂಚೆಯೇ ಅವಳನ್ನು ಎಚ್ಚರಿಸುವುದಿಲ್ಲ. ಸೋರಿಕೆ ಇವನದಲ್ಲ. ಇದು ಗೊತ್ತಾದಾಗಲೂ ಅರ್ಚನಾಳಿಗೆ ಗೇರ್ ಬದಲಿಸುವುದಕ್ಕಿಂತ ಹೆಚ್ಚಿನದೇನೂ ಮಾಡಬೇಕೆನಿಸಲಿಲ್ಲ.

ಹಡಗಲಿ ಹತ್ತಿರವಾದಂತೆ ಮಲ್ಲಿಗೆ ತೋಟಗಳು ಬಂದವು. ಕಲ್ಯಾಣಮ್ಮನ ಮನೆ ಊರಿನಾಚೆ, ಹೊಸ ಬಡಾವಣೆಯಲ್ಲಿ. ಅವರು ಪಡಸಾಲೆಯಲ್ಲಿ ಗೋಡೆಗೆ ಒರಗಿ, ಬಲಗಾಲು ಉದ್ದಕ್ಕೆ ಚಾಚಿ ಕೂತಿದ್ದರು. ಸೊಂಟದ ನೋವು ಈಚೆಗೆ ಹೆಚ್ಚಾಗಿತ್ತು.

"ಬಾರವ್ವ. ಚಾ ಕುಡೀತಿಯೇನು?"

"ಬೇಡ ಮೇಡಮ್."

ಅರ್ಚನಾ ಅವರೆದುರು ಚಾಪೆಯ ಮೇಲೆ ಕೂತಳು. ಹಿತ್ತಲಲ್ಲಿ ಬಟ್ಟೆ ಒಗೆಯುವ ಸದ್ದಿತ್ತು. ಕಲ್ಯಾಣಮ್ಮನ ಮಗಳು ಸುಮಲತಾ. ಊರಿನಲ್ಲೇ ಪ್ರೈಮರಿ ಶಾಲೆಯ ಟೀಚರ್, ಇವತ್ತು ಭಾನುವಾರ.

"ಕೊಟ್ಟೂರಿಗೆ ಹೋಗಿದ್ರಿ ನೀವು," ಎಂದಳು ಅರ್ಚನಾ.

ಕಲ್ಯಾಣಮ್ಮ ಚಾಚಿದ ಕಾಲಿನ ಮೇಲೆ ಕೈಯಿಟ್ಟುಕೊಂಡರು. "ಹೋಗಿದ್ದೆ."

"ಪರೀಕ್ಷೆಯ ಹಿಂದಿನ ದಿನ."

"ಹೌದು."

"ಸೋರಿಕೆ ಮಾಡಿದೋರು ಯಾರು ಹುಡುಕು ಅಂತ ನನಗೆ ಹೇಳಿದೋರೂ ನೀವೇ."

"ಹುಡುಕಿದಿ."

ಅರ್ಚನಾ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಪ್ರಶ್ನೆಗಳು ಒಂದೂ ಬೇಕಾಗಲಿಲ್ಲ.

"ನಾನಾಗಿ ಹೇಳೋ ಧೈರ್ಯ ಇರಲಿಲ್ಲ," ಎಂದರು ಕಲ್ಯಾಣಮ್ಮ. "ಯಾರರ ಹುಡುಕಿ ನನ್ನ ಮುಂದ ಇಟ್ರ ಹೌದು ಅಂದೇನು ಅಂತ ನಿನ್ನ ಹಾಕಿದೆ. ಗುರುಬಸವರಾಜ ಆ ಹುಡುಗಿ ಹೆಸರು ಹೇಳ್ಯಾನ ಅಂತ ನನಗ ಸುದ್ದಿ ಬಂತು. ಅವನ ಅಕಾಡೆಮಿ ಒಂದು ಕಡಿ, ಆ ಹುಡುಗಿ ಒಂದು ಕಡಿ. ಟೆಸ್ಟಿನ ದಿನ ಅವಳ ನೀರಿನ ಬಾಟ್ಲಿಯಾಗ ಯಾರರ ಏನರ ಹಾಕಿದ್ರ ಮುಗೀತು. ಮಂಡಳಿ ಸಭಿ ಕರೀಬೇಕಿತ್ತು, ಅವನ್ನ ಕೇಳಬೇಕಿತ್ತು. ಅಷ್ಟರಾಗ ಟೆಸ್ಟ್ ಆಗಿ ಹೋಗಿರ್ತಿತ್ತು. ಅದಕ್ಕ ನಾನೇ ಹೋದೆ."

"ಅವಳು ಮದ್ದು ತಿನ್ನೋಳಲ್ಲ ಅಂತ ಹೇಗೆ ಗೊತ್ತಿತ್ತು ನಿಮಗೆ?"

"ಅವಳ ಓಟ ನೋಡಿದ್ದೆ. ಕೊನೀ ಸುತ್ತಿನ್ಯಾಗ ಅವಳು ಅಳ್ತಾ ಓಡ್ತಾಳ. ಮದ್ದು ತಿಂದೋರು ಹಂಗ ಓಡಂಗಿಲ್ಲ." ಅವರು ತಲೆಯಾಡಿಸಿದರು. "ಇದು ಸಾಕ್ಷಿ ಅಲ್ಲ, ನನಗ ಗೊತ್ತೈತಿ."

"ಉಂಡಿ ಕೊಟ್ರಿ."

"ಕೊಟ್ಟೆ. ಬರಿಗೈಲಿ ಹ್ಯಾಂಗ ಹೋಗ್ಲಿ? ಕ್ಯಾಂಪಿನ್ಯಾಗ ತಿನ್ನಬ್ಯಾಡ ಅಂತ ಹೇಳಿ ಹುಡುಗಿನ್ನ ಉಪವಾಸ ಕೆಡವಲೇನು? ನಾ ದಿನಾ ಮುಂಜಾನೆ ತಿನ್ನೋ ಉಂಡಿನೇ ಅವು. ಡಬ್ಬಿಯಾಗ ಇದ್ದವನ್ನ ಎಲ್ಲಾ ತುಂಬಿ ಕೊಟ್ಟೆ."

"ಅವಳು ಅವತ್ತು ತಿಂದಿದ್ದು ಅದೊಂದೇ ಅಂತೆ ಮೇಡಮ್."

ಕಲ್ಯಾಣಮ್ಮ ಅರ್ಥವಾಗದವರಂತೆ ನೋಡಿದರು.

"ಉಂಡಿಯಲ್ಲಿ ಏನೇನಿದೆ?" ಎಂದು ಕೇಳಿದಳು ಅರ್ಚನಾ.

"ಶೇಂಗಾ, ಬೆಲ್ಲ, ಸ್ವಲ್ಪ ಎಳ್ಳು. ಸುಮಾ ಕಟ್ತಾಳ. ಮದ್ದಿನ ಮಾತಾದ್ರ ನಮ್ಮ ಮನ್ಯಾಗ ತಲಿನೋವಿನ ಗುಳಿಗೀನೂ ಇಲ್ಲವ್ವ. ನಾ ಓಡೋ ಕಾಲಕ್ಕ ಬಿಟ್ಟಾಕಿ, ಇವತ್ತಿಗೂ ಒಂದು ಗುಳಿಗಿ ನುಂಗಿಲ್ಲ. ಬೇಕಾದ್ರ ಸುಮಾನ್ನ ಕೇಳು."

"ಒಂದು ಉಂಡಿ ಕೊಡ್ರಿ. ಪ್ರಯೋಗಾಲಯಕ್ಕೆ ಕಳಿಸಬೇಕು."

ಹಿತ್ತಲಿನ ಸದ್ದು ನಿಂತಿತ್ತು. ಅದು ಯಾವಾಗ ನಿಂತಿತೋ ಇಬ್ಬರಿಗೂ ಗೊತ್ತಾಗಿರಲಿಲ್ಲ. ಸುಮಲತಾ ನಡುಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಿಂದ ಸೋಪಿನ ನೀರು ತೊಟ್ಟಿಕ್ಕುತ್ತಿತ್ತು.

"ಕಳಿಸೋದು ಬ್ಯಾಡ್ರಿ," ಎಂದಳು. ಆಮೇಲೆ ತಾಯಿಯ ಕಡೆ ತಿರುಗಿದಳು. "ಆ ಹುಡುಗಿಗೆ ಕೊಟ್ಟಿದ್ದು ಯಾವ ಡಬ್ಬಿದವ್ವ? ಸ್ಟೀಲಿನದಾ?"

"ಸ್ಟೀಲಿನದು. ನಂದು. ಯಾಕ?"

"ನೀ ತಿಂದು ಖಾಲಿ ಮಾಡೀ ಅಂತ ತಿಳ್ಕೊಂಡಿದ್ದೆ ನಾನು."

ಸುಮಲತಾ ಒಳಗೆ ಹೋದಳು. ಕಪಾಟಿನ ಬಾಗಿಲು ಕಿರ್ರೆಂದಿತು. ಬಂದು ಅರ್ಚನಾಳ ಕೈಯಲ್ಲಿ ಒಂದು ಗುಳಿಗೆ ಪಟ್ಟಿ ಇಟ್ಟಳು. ಅದರಲ್ಲಿ ಅರ್ಧದಷ್ಟು ಗುಳಿಗೆಗಳು ಖಾಲಿಯಾಗಿದ್ದವು.

ಅರ್ಚನಾ ಪಟ್ಟಿಯನ್ನು ಮಗುಚಿ ಹಿಂಬದಿಯ ಸಣ್ಣ ಅಕ್ಷರದ ಹೆಸರು ಓದಿದಳು. ನಿಶಾತಳ ಮಾದರಿಯಲ್ಲಿ ಸಿಕ್ಕಿದ್ದ ಮದ್ದಿನ ಹೆಸರು ಅವಳಿಗೆ ಬಾಯಿಪಾಠವಾಗಿತ್ತು. ಎರಡೂ ಒಂದೇ.

"ಅವ್ವ ಬಾತ್‌ರೂಮಿನಾಗ ಬಿದ್ದಾಗ ಹೊಸಪೇಟಿ ಡಾಕ್ಟ್ರಿಗೆ ತೋರಿಸಿದ್ವಿ," ಎಂದಳು ಸುಮಲತಾ. ಮಾತು ಶಾಲೆಯಲ್ಲಿ ಪಾಠ ಒಪ್ಪಿಸುವವರ ಹಾಗಿತ್ತು. "ಎಲುಬು ಟೊಳ್ಳಾಗ್ಯಾವ, ಇನ್ನೊಮ್ಮೆ ಬಿದ್ರ ಸೊಂಟ ಮುರೀತದ ಅಂದ್ರು. ಹಾರ್ಮೋನಿನ ಗುಳಿಗಿ ಬರದು ಕೊಟ್ರು. ಇವ್ರು ಮುಟ್ಟಲಿಲ್ಲ. ಎಷ್ಟು ಸಲ ಹೇಳಿದ್ರೂ ಮುಟ್ಟಲಿಲ್ಲ. ನಾ ಏನು ಮಾಡ್ಲಿ? ಕುಟ್ಟಿ ಪುಡಿ ಮಾಡಿ ಉಂಡಿಯಾಗ ಕಲಸಿದೆ. ಇವರೊಬ್ಬರ ಡಬ್ಬಿ ಬ್ಯಾರೆ ಇಟ್ಟಿದ್ದೆ. ಮನ್ಯಾಗ ಯಾರೂ ಅದನ್ನ ಮುಟ್ಟತಿರಲಿಲ್ಲ."

ಕಲ್ಯಾಣಮ್ಮ ಮಗಳನ್ನು ನೋಡಲಿಲ್ಲ. ತಮ್ಮ ಮೊಣಕಾಲು ನೋಡುತ್ತಿದ್ದರು.

"ಯಾವಾಗಿಂದ?"

"ಹೋದ ದೀಪಾವಳಿಯಿಂದ."

"ರುಚಿ ಗೊತ್ತಾಗಲಿಲ್ಲ ನನಗ," ಎಂದರು ಕಲ್ಯಾಣಮ್ಮ.

ಸುಮಲತಾ ಬಾಗಿಲ ಚೌಕಟ್ಟು ಹಿಡಿದು ಮೆಲ್ಲಗೆ ಕೆಳಗೆ ಕೂತಳು. ಯಾರೂ ಯಾರನ್ನೂ ಬೈಯಲಿಲ್ಲ. ಬೀದಿಯಲ್ಲಿ ತರಕಾರಿಯವನು ಕೂಗಿಕೊಂಡು ಹೋದ.

ಮೊದಲು ಮಾತಾಡಿದವರು ಕಲ್ಯಾಣಮ್ಮ. "ಆ ಪಟ್ಟಿ ನಿನ್ನ ಹತ್ರಾನೇ ಇಟ್ಕೊ. ಉಂಡಿನೂ ತಗೊಂಡು ಹೋಗು. ಬುಧವಾರದ ಸಭಿಗೆ ನಾನೇ ಬಂದು ಹೇಳ್ತೀನಿ. ಗುರುಬಸವರಾಜ ಮಾಡಿದ್ದನ್ನೂ ಹೇಳ್ತೀನಿ, ನಾ ಮಾಡಿದ್ದನ್ನೂ ಹೇಳ್ತೀನಿ. ಇಬ್ಬರೂ ಹೋಗಬೇಕಾಗ್ತದ."

"ಹೌದು."

"ಹುಡುಗಿ ಮ್ಯಾಲಿನ ಅಮಾನತು ತಗೀತಾರೇನು?"

"ಗೊತ್ತಿಲ್ಲದೆ ಹೊಟ್ಟೆಗೆ ಹೋಗಿದ್ದು ಅಂತ ಸಾಬೀತಾದರೆ ತೆಗೆಯಬಹುದು. ಸಾಬೀತಾಗತ್ತೆ."

"ಓಡ್ತಾಳ ಹಂಗಾರ," ಎಂದರು ಅವರು. ಬೆಳಗಿನಿಂದ ಆ ಮನೆಯಲ್ಲಾಗಲಿ ಕೊಟ್ಟೂರಿನಲ್ಲಾಗಲಿ ಯಾರ ಮಾತಿನಲ್ಲೂ ಇಲ್ಲದ ಒಂದು ಬಿಸಿ ಆ ಎರಡು ಪದಗಳಲ್ಲಿತ್ತು. ಮರುಕ್ಷಣವೇ ಅದು ಹೋಯಿತು. "ಮತ್ತ ಕೊಟ್ರಸ್ವಾಮಿ?"

ಅರ್ಚನಾ ಅದನ್ನೇ ಯೋಚಿಸುತ್ತಿದ್ದಳು. ಕೊಟ್ರಸ್ವಾಮಿ ಮದ್ದು ಕೊಟ್ಟಿರಲಿಲ್ಲ. ನಾಚಿಕೆಯಿಂದ ಸಾಯಲು ಅವನಿಗೆ ಕಾರಣವಿರಲಿಲ್ಲ. ಊರೆಲ್ಲ ಅವನನ್ನೇ ಬೈಯುತ್ತಿದ್ದಾಗಲೂ ಅವನು ಫೋನ್ ಮಾಡಿದ್ದು ತನ್ನ ಹುಡುಗಿಯನ್ನು ಉಳಿಸಿಕೊಳ್ಳಲು. ಅವನ ತಲೆಯ ಹಿಂಭಾಗಕ್ಕೆ ಕಲ್ಲು ಬಡಿದ ಗಾಯವಿತ್ತು. ಏರಿಯ ಮೇಲಿಂದ ಹಿಮ್ಮುಖವಾಗಿ ಬಿದ್ದಿದ್ದಾನೆ ಎಂದು ವೈದ್ಯರು ಹೇಳಿದ್ದರು. ಹಾರುವವರು ಹಿಮ್ಮುಖವಾಗಿ ಹಾರುವುದಿಲ್ಲ. ಅವನು ಎದುರಿಗಿದ್ದ ಯಾರ ಜೊತೆಗೋ ಮಾತಾಡುತ್ತಿದ್ದ.

"ಅವನು ಇಲ್ಲಿಗೆ ಬಂದಿದ್ದನೇನು?" ಎಂದು ಕೇಳಿದಳು. "ಮಂಡಳಿಯೋರು ಯಾರೋ ಹುಡುಗಿಗೆ ಮೊದಲೇ ಹೇಳಿದ್ದು ಅವನಿಗೆ ಗೊತ್ತಿತ್ತು."

"ಬಂದಿಲ್ಲ. ಬಂದಿದ್ರ ಅವನಿಗರ ಹೇಳ್ತಿದ್ದೆ."

ಸುಮಲತಾಳೂ ಇಲ್ಲ ಎಂದು ತಲೆಯಾಡಿಸಿದಳು.

ಮೊಬೈಲ್ ಸದ್ದು ಮಾಡಿತು. ಹಗರಿಬೊಮ್ಮನಹಳ್ಳಿ ಠಾಣೆಯ ಸಬ್ ಇನ್‌ಸ್ಪೆಕ್ಟರ್ ಬಂಗಾರಪ್ಪ. ಕೊಟ್ರಸ್ವಾಮಿಯ ಸಾವಿನ ಕೇಸು ಅವನ ಕೈಯಲ್ಲಿತ್ತು. ಅರ್ಚನಾ ಸ್ಪೀಕರ್ ಹಾಕಿ ಚಾಪೆಯ ಮೇಲಿಟ್ಟಳು.

"ಮೇಡಮ್, ಎಲ್ಲಿದೀರಿ? ಆ ಕೊಟ್ಟೂರಿನ ಹುಡುಗಿ ನಿಶಾತ ಸ್ಟೇಷನ್ನಿಗೆ ಬಂದಾಳ. ಒಬ್ಬಳೇ. ಬಸ್ಸಿಗೆ ಬಂದಾಳ. ನಾಷ್ಟಾ ತರಿಸಿದ್ರ ಮುಟ್ಟವಲ್ಲಳು."

"ಮಾತಾಡಿದಳಾ?"

"ಮಾತಾಡಿದ್ಲು." ಬಂಗಾರಪ್ಪ ದನಿ ಇಳಿಸಿದ. "ಅವತ್ತು ಏರಿ ಮ್ಯಾಲ ತಾನೂ ಇದ್ದೆ ಅಂತಾಳ. ಕೊಟ್ರಸ್ವಾಮಿ ಸರ್ ಕರೆದಿದ್ರಂತ, ಯಾರು ಮನಿಗೆ ಬಂದಿದ್ರು ಹೇಳು ಅಂತ ಕೇಳಿದ್ರಂತ. ಟೆಸ್ಟಿನ ದಿನ ಕ್ಯಾಂಪಿನ್ಯಾಗ ಸರ್ ಒಂದು ಗ್ಲಾಸ್ ನಿಂಬಿ ಪಾನಕ ಕೊಟ್ಟಿದ್ರಂತ, ಬ್ಯಾಡ ಅನ್ನಾಕ ಆಗಲಿಲ್ಲ, ಕುಡಿದೆ ಅಂತಾಳ. ಅದರಾಗೇ ಹಾಕ್ಯಾರ ಅಂತ ತಿಳ್ಕೊಂಡಿದ್ಲಂತ. 'ನೀವೇ ಹಾಕಿ ನನ್ನ ಕೇಳ್ತೀರೇನು' ಅಂತ ಎರಡೂ ಕೈಲಿ ನೂಕಿದೆ ಅಂತಾಳ. ಮೇಡಮ್, ನಾನು ಇನ್ನೂ ಏನೂ ಬರಕೊಂಡಿಲ್ಲ. ಸಣ್ಣ ಹುಡುಗಿ. ಇದು ಖರೇನೋ ತಲಿ ಕೆಟ್ಟು ಹೇಳ್ತಾಳೋ ನನಗ ತಿಳೀವಲ್ದು."

ಅರ್ಚನಾ ಕಲ್ಯಾಣಮ್ಮನ ಕಡೆ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ. ಅವರ ಉಸಿರು ಕೇಳುತ್ತಿತ್ತು.

"ಅವಳ ಅಪ್ಪನಿಗೆ ತಿಳಿಸಿದಿರಾ?"

"ಬರಾಕತ್ಯಾರ. ಮಗಳು ಎಷ್ಟೋ ದಿನಕ್ಕ ಎದ್ದು ಚಪ್ಲಿ ಮೆಟ್ಕೊಂಡು ಹೊರಗ ಹೋದ್ಲು ಅಂತ ಅವ್ರು ಖುಷಿಯಾಗಿದ್ರಂತ. ಇಲ್ಲಿಗೆ ಬಂದಾಳ ಅಂತ ಗೊತ್ತಿರಲಿಲ್ಲ. ಈಗ ಮುಂದಿಂದು ಒಂದೂ ಹೇಳ್ವಲ್ಲಳು ಮೇಡಮ್. ಮೊದಲು ತನಗ ಒಂದು ಮಾತು ಗೊತ್ತಾಗಬೇಕಂತ. ಮದ್ದು ಹಾಕಿದ್ದು ಸರ್ ಹೌದೋ, ಅಲ್ಲೋ. ಮುಂಜಾನೆ ಬಂದಿದ್ದ ಮೇಡಮ್ ಉಂಡಿ ನೋಡಾಕ ಹೋಗ್ಯಾರ, ಅವರಿಗೆ ಗೊತ್ತಾಗಿರ್ತೈತಿ, ಅವರನ್ನ ಕೇಳ್ರಿ ಅಂತಾಳ. ಏನು ಹೇಳ್ಲಿ?"

ಗುಳಿಗೆ ಪಟ್ಟಿ ಇನ್ನೂ ಅರ್ಚನಾಳ ಕೈಯಲ್ಲಿತ್ತು. ಸರ್ ಹಾಕಿಲ್ಲ ಎಂದರೆ ಆ ಹುಡುಗಿ ಓಟಕ್ಕೆ ಮರಳಬಹುದು. ಅದೇ ಮಾತಿನಿಂದ, ತನಗೆ ಓಡಲು ಕಲಿಸಿದ ನಿರಪರಾಧಿಯೊಬ್ಬನನ್ನು ತಾನು ಕೊಂದೆ ಎಂಬುದೂ ಅವಳಿಗೆ ಗೊತ್ತಾಗುತ್ತದೆ.

ಕಲ್ಯಾಣಮ್ಮ ಗೋಡೆ ಹಿಡಿದು ಮುಂದಕ್ಕೆ ಬಾಗಿದರು. ಅವರ ಕೈ ಫೋನಿನತ್ತ ಬಂತು. "ನಾ ಹೇಳ್ತೀನಿ," ಎಂದರು. "ನನ್ನ ಉಂಡಿ. ನಾನೇ ಹೇಳಬೇಕು."

ಅರ್ಚನಾ ಅವರ ಮಣಿಕಟ್ಟು ಹಿಡಿದಳು. ಹಿಡಿದದ್ದು ತಡೆಯಲಿಕ್ಕೋ, ಆಸರೆ ಕೊಡಲಿಕ್ಕೋ ಅವಳಿಗೇ ತಿಳಿಯಲಿಲ್ಲ.

"ಮೇಡಮ್, ಲೈನಿನಾಗ ಅದೀರೇನ್ರಿ?" ಎಂದ ಬಂಗಾರಪ್ಪ. "ತಡೀರಿ, ಅವಳೇ ಕೈ ಚಾಚ್ಯಾಳ. ಫೋನ್ ಕೊಡ್ತೀನಿ."

"ಬೇಡ," ಎಂದಳು ಅರ್ಚನಾ. ಆದರೆ ಅಷ್ಟರಲ್ಲಿ ಫೋನ್ ಕೈ ಬದಲಿಸಿತ್ತು. ಠಾಣೆಯ ಫ್ಯಾನಿನ ಸದ್ದು, ಯಾರೋ ಕುರ್ಚಿ ಎಳೆದದ್ದು, ಆಮೇಲೆ ಬಾಯಿಯ ಹತ್ತಿರವೇ ಒಂದು ಉಸಿರು.

"ಹೇಳ್ರಿ ಮೇಡಮ್," ಎಂದಳು ನಿಶಾತ.